ಗಸಗಸೆಯ ನಾಡಿನಲ್ಲಿ ನೋವಿನ ಕೂಗು

ರೋಗವನ್ನು ಗುಣಪಡಿಸುವುದು ಎಲ್ಲ ಸಂದರ್ಭಗಳಲ್ಲಿಯೂ ವೈದ್ಯನ ಕೈಯಲ್ಲಿಲ್ಲ. ಆದರೆ ರೋಗಿಯ ನೋವನ್ನು ತಗ್ಗಿಸುವುದು ಬಹುಮಟ್ಟಿಗೆ ಮನುಷ್ಯಸಾಧ್ಯವಾದ ಕೆಲಸ. ಕ್ಯಾನ್ಸರ್ ಕಾಯಿಲೆಯ ವಿಷಯದಲ್ಲಿ ಈ ಎರಡು ಮಾತುಗಳ ನಡುವಣ ಅಂತರವು ಬಹಳ ಸ್ಪಷ್ಟವಾಗಿ ಕಾಣುತ್ತದೆ. ಭಾರತದಲ್ಲಿ ಪ್ರತಿ ವರ್ಷ ಸುಮಾರು 14 ಲಕ್ಷ ಮಂದಿ ಹೊಸದಾಗಿ ಈ ರೋಗಕ್ಕೆ ತುತ್ತಾಗುತ್ತಾರೆ. ಅವರಲ್ಲಿ ಬಹುಪಾಲು ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ರೋಗವು ಬಲಿತಿರುತ್ತದೆ. ರೋಗ ಬಲಿತವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ನೋವಿನಿಂದ ಬಳಲುತ್ತಾರೆಂದು ವೈದ್ಯಕೀಯ ಸಮೀಕ್ಷೆಗಳು ತಿಳಿಸುತ್ತವೆ. ಮೂಳೆಗೆ ಹಬ್ಬಿದ ಗಂಟು, ನರವನ್ನು ಒತ್ತುವ ಗಡ್ಡೆ, ಬಾಯಿಯೊಳಗಿನ ವಾಸಿಯಾಗದ ಹುಣ್ಣು, ಇವುಗಳ ನೋವು ರಾತ್ರಿಯ ನಿದ್ರೆಯನ್ನೂ ಹಗಲಿನ ಊಟವನ್ನೂ ಮನೆಯವರೊಡನೆ ಆಡುವ ನಾಲ್ಕು ಮಾತುಗಳನ್ನೂ ಕಸಿದುಕೊಳ್ಳುತ್ತದೆ.

ಈ ನೋವಿಗೆ ಮದ್ದಿಲ್ಲವೆಂದಲ್ಲ. ಮದ್ದು ದೊರೆತು ಇನ್ನೂರು ವರ್ಷಗಳಿಗೂ ಮಿಕ್ಕಿದೆ. ಅದನ್ನು ಹೇಗೆ ಬಳಸಬೇಕೆಂಬ ತಿಳಿವಳಿಕೆ ಬಂದು ಅರ್ಧ ಶತಮಾನ ದಾಟಿದೆ. ಆ ಮದ್ದಿನ ಮೂಲವಸ್ತುವನ್ನು ಸರಕಾರದ ಪರವಾನಗಿಯ ಮೇರೆಗೆ ಬೆಳೆದು ಹೊರದೇಶಗಳಿಗೆ ಕಳುಹಿಸುವ ದೇಶ ಭಾರತ. ಇಷ್ಟಿದ್ದೂ ಈ ನೆಲದ ಲಕ್ಷಾಂತರ ರೋಗಿಗಳಿಗೆ ಅದು ದಕ್ಕಲಿಲ್ಲ. ಏಕೆ ದಕ್ಕಲಿಲ್ಲವೆಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಸೇರಿದ್ದಕ್ಕಿಂತ ಹೆಚ್ಚಾಗಿ ನೀತಿಶಾಸ್ತ್ರಕ್ಕೆ ಸೇರಿದುದು. ಅದರ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ.

ಅಹಿಫೇನದಿಂದ ಮಾರ್ಫಿನ್‌ವರೆಗೆ

ಕನ್ನಡ ನಾಡಿನ ಅಡುಗೆಮನೆಗಳಲ್ಲಿ ಗಸಗಸೆಯು ಪಾಯಸಕ್ಕೆ ಬಳಸುವ ನಿರುಪದ್ರವಿ ಕಾಳು. ಅದೇ ಗಿಡದ ಹಸಿಯ ಕಾಯನ್ನು ಚೀರಿದಾಗ ಒಸರುವ ಹಾಲು ಗಟ್ಟಿಯಾಗಿ ಅಫೀಮು ಆಗುತ್ತದೆ. ಚರಕ ಸುಶ್ರುತರ ಗ್ರಂಥಗಳಲ್ಲಿ ಅಫೀಮಿನ ಪ್ರಸ್ತಾಪವಿಲ್ಲ. ಹದಿಮೂರು ಹದಿನಾಲ್ಕನೆಯ ಶತಮಾನಗಳ ಹೊತ್ತಿಗೆ ರಚಿತವಾದ ಶಾರ್ಙ್ಗಧರ ಸಂಹಿತೆಯಲ್ಲಿ ಅದು ‘ಅಹಿಫೇನ’ವೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅತಿಸಾರಕ್ಕೂ ನೋವಿಗೂ ಮದ್ದಾಗಿ ಈ ದೇಶದ ವೈದ್ಯರಿಗೂ ಹಕೀಮರಿಗೂ ಅದು ಪರಿಚಿತವಾಯಿತು.

ಅಫೀಮಿನಲ್ಲಿ ಒಂದು ತೊಡಕಿತ್ತು. ಒಂದು ಉಂಡೆಯ ಬಲ ಇನ್ನೊಂದಕ್ಕಿರುತ್ತಿರಲಿಲ್ಲ. ಎಷ್ಟು ಕೊಟ್ಟರೆ ನೋವು ಹೋಗುತ್ತದೆ, ಎಷ್ಟಕ್ಕೆ ಪ್ರಾಣಕ್ಕೆ ಅಪಾಯ ಎಂಬುದನ್ನು ಅಳೆದು ಹೇಳುವಂತಿರಲಿಲ್ಲ. ಜರ್ಮನಿಯ ಪಾಡರ್‌ಬಾರ್ನ್ ಎಂಬ ಊರಿನ ಔಷಧಾಲಯದಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಕ್ ಸೆರ್ಟ್ಯೂರ್ನರ್ ಎಂಬ ತರುಣನು 1805ರ ಸುಮಾರಿಗೆ ಅಫೀಮಿನ ಸಾರವಾದ ಹರಳನ್ನು ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸ್‌ನ ಹೆಸರನ್ನು ಅದಕ್ಕಿಟ್ಟನು. ಅದೇ ಮಾರ್ಫಿನ್. 1827ರಿಂದ ಮೆರ್ಕ್ ಸಂಸ್ಥೆಯು ಅದನ್ನು ತಯಾರಿಸಿ ಮಾರಲಾರಂಭಿಸಿತು. 1853ರಲ್ಲಿ ಎಡಿನ್‌ಬರೋದ ವೈದ್ಯ ಅಲೆಕ್ಸಾಂಡರ್ ವುಡ್ ಸೂಜಿಯ ಮೂಲಕ ಅದನ್ನು ಚರ್ಮದಡಿಗೆ ಸೇರಿಸುವ ಕ್ರಮವನ್ನು ತಂದನು. ತೂಗಿ ಅಳೆದು ಕೊಡಬಹುದಾದ ನೋವಿನ ಮದ್ದು ಹೀಗೆ ಮನುಷ್ಯನ ಕೈಸೇರಿತು.

ಆದರೆ ಅದೇ ಶತಮಾನದಲ್ಲಿ ಅಫೀಮು ಇನ್ನೊಂದು ಕಾರಣಕ್ಕೆ ಕುಖ್ಯಾತವಾಯಿತು. ಈಸ್ಟ್ ಇಂಡಿಯಾ ಕಂಪನಿಯು 1773ರಲ್ಲಿ ಬಂಗಾಳದ ಅಫೀಮಿನ ವ್ಯಾಪಾರವನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತ್ತು. ಬಿಹಾರ ಮತ್ತು ಬನಾರಸ್ ಪ್ರಾಂತಗಳ ರೈತರು ಬೆಳೆದುದನ್ನು ಚೀನಾ ದೇಶಕ್ಕೆ ಹರಿಯಬಿಟ್ಟು ಅಲ್ಲಿನ ಚಹಾ, ರೇಷ್ಮೆಗಳನ್ನು ಕೊಳ್ಳುವುದು ಆ ವ್ಯಾಪಾರದ ಗುಟ್ಟು. ತನ್ನ ಪ್ರಜೆಗಳನ್ನು ಚಟದಿಂದ ಪಾರುಮಾಡಲು ಚೀನಾ ಅದನ್ನು ತಡೆಯಹೋದಾಗ 1839ರಿಂದ 1842ರವರೆಗೂ ಮತ್ತೆ 1856ರಿಂದ 1860ರವರೆಗೂ ಎರಡು ಯುದ್ಧಗಳು ನಡೆದವು. ಲಾಭಕ್ಕಾಗಿ ಒಂದು ಜನಾಂಗಕ್ಕೇ ಚಟ ಹಿಡಿಸಿದ ಈ ಪ್ರಕರಣದ ಕಳಂಕವು ಅಫೀಮಿನ ಹೆಸರಿಗೆ ಅಂಟಿಕೊಂಡಿತು. ಇಪ್ಪತ್ತನೆಯ ಶತಮಾನದ ಅಂತರರಾಷ್ಟ್ರೀಯ ಒಪ್ಪಂದಗಳೆಲ್ಲ ಈ ಕಹಿಯನ್ನು ನೆನಪಿನಲ್ಲಿಟ್ಟುಕೊಂಡೇ ರೂಪುಗೊಂಡವು. ಆದರೂ 1961ರ ಮಾದಕ ದ್ರವ್ಯಗಳ ಏಕೀಕೃತ ಒಪ್ಪಂದವು ತನ್ನ ಪೀಠಿಕೆಯಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಿತು: ನೋವಿನ ನಿವಾರಣೆಗೆ ಈ ಔಷಧಿಗಳು ಅನಿವಾರ್ಯ, ಅವು ರೋಗಿಗಳಿಗೆ ಸಾಕಷ್ಟು ದೊರೆಯುವಂತೆ ಏರ್ಪಾಡು ಮಾಡುವುದು ಸರಕಾರಗಳ ಹೊಣೆ. ದುರುಪಯೋಗವನ್ನು ತಡೆಯುವುದು, ಸದುಪಯೋಗವನ್ನು ಕಾಪಾಡುವುದು ಎಂಬ ಎರಡು ಕರ್ತವ್ಯಗಳನ್ನು ಒಪ್ಪಂದವು ಒಟ್ಟಿಗೇ ಹೇಳಿತ್ತು. ಮುಂದಿನ ದಿನಗಳಲ್ಲಿ ಹಲವು ದೇಶಗಳು ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆತವು.

ನೋವನ್ನು ಕಿವಿಗೊಟ್ಟು ಕೇಳಿದ ವೈದ್ಯೆ

ಮಾರ್ಫಿನ್ ಕೈಯಲ್ಲಿದ್ದರೂ ಅದನ್ನು ಬಳಸುವ ಕ್ರಮ ತಿಳಿಯಲು ಬಹುಕಾಲ ಹಿಡಿಯಿತು. ರೋಗಿಯು ತಾಳಲಾರದೆ ಕೂಗಿಕೊಂಡ ಮೇಲೆ ಒಂದು ಸೂಜಿಮದ್ದು, ಅದು ಇಳಿದು ಮತ್ತೆ ಕೂಗಿದ ಮೇಲೆ ಇನ್ನೊಂದು, ಇದು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಆಸ್ಪತ್ರೆಗಳಲ್ಲಿದ್ದ ವಾಡಿಕೆ. ಹೀಗಾಗಿ ರೋಗಿಯು ಮುಂದಿನ ಸೂಜಿಮದ್ದಿಗಾಗಿ ಗಡಿಯಾರ ನೋಡುತ್ತ ಬೇಡುವ ಸ್ಥಿತಿಗೆ ಬರುತ್ತಿದ್ದನು. ಅದನ್ನು ಕಂಡವರು ಅವನಿಗೆ ಚಟ ಹಿಡಿದಿದೆಯೆಂದು ತೀರ್ಮಾನಿಸುತ್ತಿದ್ದರು.

ಈ ವಾಡಿಕೆಯನ್ನು ಬದಲಿಸಿದವರಲ್ಲಿ ಮೊದಲ ಹೆಸರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರದು. 1918ರಲ್ಲಿ ಜನಿಸಿದ ಆಕೆ ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದವರು. 1948ರಲ್ಲಿ ವಾರ್ಸಾದಿಂದ ಬಂದಿದ್ದ ಡೇವಿಡ್ ಟಾಸ್ಮಾ ಎಂಬ ಯೆಹೂದಿ ನಿರಾಶ್ರಿತನು ಲಂಡನ್ನಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದಾಗ ಆಕೆ ಅವನ ಬಳಿ ಕುಳಿತು ಅವನ ಮಾತುಗಳನ್ನು ಆಲಿಸುತ್ತಿದ್ದರು. ನೆಂಟರಿಷ್ಟರಿಲ್ಲದ ಆ ಮನುಷ್ಯನು, ಆಕೆ ಮುಂದೆ ಕಟ್ಟಬಹುದಾದ ಆಲಯದಲ್ಲಿ ಒಂದು ಕಿಟಕಿಯಾಗಲೆಂದು 500 ಪೌಂಡುಗಳನ್ನು ಬಿಟ್ಟುಹೋದನು. ದಾದಿಯ ಮಾತಿಗೆ ವೈದ್ಯಲೋಕದಲ್ಲಿ ಬೆಲೆಯಿಲ್ಲವೆಂಬುದನ್ನು ಅರಿತ ಆಕೆ ಮತ್ತೆ ವಿದ್ಯಾರ್ಥಿನಿಯಾಗಿ 1957ರಲ್ಲಿ ವೈದ್ಯಪದವಿ ಪಡೆದರು. ಸೇಂಟ್ ಜೋಸೆಫ್ಸ್ ಎಂಬ ಶುಶ್ರೂಷಾಲಯದಲ್ಲಿ ನೂರಾರು ರೋಗಿಗಳನ್ನು ಹತ್ತಿರದಿಂದ ಕಂಡು, ಒಂದೊಂದು ವಿವರವನ್ನೂ ಬರೆದಿಟ್ಟರು. ನೋವು ಬಂದ ಮೇಲೆ ಮದ್ದು ಕೊಡುವುದರ ಬದಲು, ನೋವು ಮರಳುವ ಮೊದಲೇ ಹೊತ್ತುಹೊತ್ತಿಗೆ ಬಾಯಿಯ ಮೂಲಕ ಕೊಟ್ಟರೆ ರೋಗಿಯು ನೋವಿಲ್ಲದೆ, ಎಚ್ಚರವಾಗಿ, ಪ್ರಸನ್ನವಾಗಿ ಇರಬಲ್ಲನೆಂದು ತೋರಿಸಿದರು. 1967ರಲ್ಲಿ ಲಂಡನ್ನಿನಲ್ಲಿ ಆಕೆ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಜಗತ್ತಿನ ಇಂಥ ಆಲಯಗಳಿಗೆಲ್ಲ ಮಾದರಿಯಾಯಿತು.

ಸಾಂಡರ್ಸ್ ಅವರು ನೀಡಿದ ಇನ್ನೊಂದು ವಿಚಾರ ‘ಸಮಗ್ರ ನೋವು’ ಎಂಬುದು. ಸಾಯುತ್ತಿರುವವನ ನೋವು ದೇಹದ್ದು ಮಾತ್ರವಲ್ಲ. ಮನಸ್ಸಿನ ಭಯ, ಕುಟುಂಬದ ಚಿಂತೆ, ಸಾಲದ ಹೊರೆ, ಬದುಕಿನ ಅರ್ಥದ ಬಗೆಗಿನ ತಳಮಳ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಮಾತ್ರೆಯೊಂದರಿಂದಲೇ ಇವೆಲ್ಲ ಶಮನವಾಗುವುದಿಲ್ಲ. ಆದರೆ ದೇಹದ ನೋವು ಮೊದಲು ತಗ್ಗದಿದ್ದರೆ ಉಳಿದ ಯಾವ ಸಾಂತ್ವನವೂ ರೋಗಿಯ ಕಿವಿಗೆ ಬೀಳುವುದಿಲ್ಲವೆಂಬುದು ಆಕೆಯ ಅನುಭವದ ಮಾತಾಗಿತ್ತು.

ಮೂರು ಮೆಟ್ಟಿಲುಗಳು

ಈ ತಿಳಿವಳಿಕೆಯನ್ನು ಬಡದೇಶಗಳಿಗೂ ತಲುಪಿಸಲು ವಿಶ್ವ ಆರೋಗ್ಯ ಸಂಸ್ಥೆಯು ಮುಂದಾಯಿತು. ಅದರ ಕ್ಯಾನ್ಸರ್ ವಿಭಾಗದ ಮುಖ್ಯಸ್ಥರಾಗಿದ್ದ ಸ್ವೀಡನ್ನಿನ ಯಾನ್ ಶೆರ್ನ್‌ಸ್ವಾರ್ಡ್ ಅವರ ನೇತೃತ್ವದಲ್ಲಿ ತಜ್ಞರು ಹಲವು ವರ್ಷ ಸಮಾಲೋಚಿಸಿ 1986ರಲ್ಲಿ ಕ್ಯಾನ್ಸರ್ ನೋವಿನ ಶಮನದ ಬಗ್ಗೆ ಒಂದು ಕಿರುಹೊತ್ತಗೆಯನ್ನು ಹೊರತಂದರು. ಅದರಲ್ಲಿ ಹೇಳಿದ ಕ್ರಮ ಬಹು ಸರಳ. ಅಲ್ಪ ನೋವಿಗೆ ಪ್ಯಾರಾಸಿಟಮಾಲ್, ಆಸ್ಪಿರಿನ್‌ಗಳಂತಹ ಮಾತ್ರೆ. ಅದಕ್ಕೆ ಬಗ್ಗದಿದ್ದರೆ ಕೊಡೀನ್‌ನಂತಹ ಮೆದು ಅಫೀಮುಜನ್ಯ ಔಷಧಿ. ಅದಕ್ಕೂ ಮಣಿಯದ ನೋವಿಗೆ ಮಾರ್ಫಿನ್. ಸಾಧ್ಯವಾದಷ್ಟೂ ಬಾಯಿಯ ಮೂಲಕ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ, ನೋವಿನ ಮೆಟ್ಟಿಲಿಗೆ ತಕ್ಕಂತೆ ಕೊಡಬೇಕು ಎಂಬುದು ಅದರ ಸೂತ್ರ. ಸಂಸ್ಥೆಯ 2018ರ ಮಾರ್ಗದರ್ಶಿಯಲ್ಲಿ ಈ ಮೆಟ್ಟಿಲುಗಳ ಕಟ್ಟುನಿಟ್ಟು ಸಡಿಲಗೊಂಡು, ಪ್ರತಿಯೊಬ್ಬ ರೋಗಿಯ ಸ್ಥಿತಿಯನ್ನು ಅಳೆದು ಔಷಧಿ ಆರಿಸಬೇಕೆಂಬುದಕ್ಕೆ ಒತ್ತು ಬಂದಿದೆ. ಆದರೂ ತೀವ್ರ ನೋವಿಗೆ ಮಾರ್ಫಿನ್ ಬೇಕೆಂಬ ಮೂಲತತ್ತ್ವ ಬದಲಾಗಿಲ್ಲ. 1977ರಲ್ಲಿ ಸಿದ್ಧವಾದ ಅಗತ್ಯ ಔಷಧಿಗಳ ಮೊದಲ ಪಟ್ಟಿಯಿಂದಲೂ ಮಾರ್ಫಿನ್ ಅದರಲ್ಲಿ ಸ್ಥಾನ ಪಡೆದಿದೆ.

ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಕೊಡಬೇಕಾಗುತ್ತದೆ. ಅಲ್ಪ ಪ್ರಮಾಣದಿಂದ ಆರಂಭಿಸಿ ನೋವು ತಗ್ಗುವವರೆಗೆ ನಿಧಾನವಾಗಿ ಹೆಚ್ಚಿಸಲಾಗುತ್ತದೆ. ಮಲಬದ್ಧತೆಯು ಅದರ ಖಚಿತ ಅಡ್ಡಪರಿಣಾಮವಾದ್ದರಿಂದ ಜೊತೆಗೇ ವಿರೇಚಕವನ್ನೂ ಕೊಡಲಾಗುತ್ತದೆ. ಮೊದಲ ದಿನಗಳ ಮಂಪರು, ವಾಕರಿಕೆಗಳು ಸಾಮಾನ್ಯವಾಗಿ ಕೆಲ ದಿನಗಳಲ್ಲಿ ಇಳಿಯುತ್ತವೆ. ಸೂಜಿಯ ಗೊಡವೆಯಿಲ್ಲದ್ದರಿಂದ ರೋಗಿಯು ಆಸ್ಪತ್ರೆಯಲ್ಲಿಯೇ ಬಿದ್ದಿರಬೇಕಿಲ್ಲ. ತನ್ನ ಮನೆಯಲ್ಲಿ, ತನ್ನವರ ನಡುವೆ ಇರಬಹುದು. ಮಾತ್ರೆಯೊಂದರ ಬೆಲೆ ಕೆಲವೇ ರೂಪಾಯಿ.

1985ರ ಕಾಯಿದೆ ಮತ್ತು ಅದರ ಫಲ

ವಿಶ್ವ ಆರೋಗ್ಯ ಸಂಸ್ಥೆಯ ಹೊತ್ತಗೆ ಪ್ರಕಟವಾಗುವುದಕ್ಕೆ ಒಂದು ವರ್ಷ ಮೊದಲು ಭಾರತದ ಸಂಸತ್ತು ಮಾದಕ ದ್ರವ್ಯಗಳ ಮತ್ತು ಮನೋಪರಿಣಾಮಕಾರಿ ಪದಾರ್ಥಗಳ ಕಾಯಿದೆಯನ್ನು ಅಂಗೀಕರಿಸಿತ್ತು. 1985ರ ನವೆಂಬರ್ 14ರಂದು ಅದು ಜಾರಿಗೆ ಬಂದಿತು. ಮಾದಕ ವಸ್ತುಗಳ ಕಳ್ಳಸಾಗಣೆಯನ್ನು ಬಗ್ಗುಬಡಿಯಬೇಕೆಂಬ ಅದರ ಉದ್ದೇಶ ಪ್ರಶ್ನಾತೀತವಾದುದು. ಆದರೆ ಅದರ ಶಿಕ್ಷೆಗಳು ಅತ್ಯಂತ ಕಠಿಣವಾಗಿದ್ದವು. ಹಲವು ಅಪರಾಧಗಳಿಗೆ ಕನಿಷ್ಠ 10 ವರ್ಷಗಳ ಕಠಿಣ ಸಜೆ, ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ ವಿಧಿಸಲಾಗಿತ್ತು. ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆಯನ್ನು ಶ್ರೇಣೀಕರಿಸುವ ತಿದ್ದುಪಡಿ ಬಂದದ್ದು 2001ರಲ್ಲಿ ಮಾತ್ರ.

ಔಷಧಿಗಾಗಿ ಮಾರ್ಫಿನ್ ಬಳಸುವುದನ್ನು ಕಾಯಿದೆಯು ನಿಷೇಧಿಸಿರಲಿಲ್ಲ. ಅದರ ನಿಯಮಗಳನ್ನು ರಚಿಸುವ ಹೊಣೆಯನ್ನು ರಾಜ್ಯಗಳಿಗೆ ಬಿಟ್ಟಿತ್ತು. ಒಂದೊಂದು ರಾಜ್ಯವೂ ತನ್ನದೇ ನಿಯಮಗಳನ್ನು ಮಾಡಿತು. ಇಟ್ಟುಕೊಳ್ಳಲು ಒಂದು ಲೈಸೆನ್ಸ್, ಬೇರೆ ರಾಜ್ಯದಿಂದ ತರಿಸಲು ಒಂದು, ಕಳುಹಿಸುವ ರಾಜ್ಯದಿಂದ ಇನ್ನೊಂದು, ಸಾಗಿಸಲು ಮತ್ತೊಂದು. ಅಬಕಾರಿ ಇಲಾಖೆ, ಔಷಧ ನಿಯಂತ್ರಣ ಇಲಾಖೆ, ಆರೋಗ್ಯ ಇಲಾಖೆ ಇವುಗಳ ಕಚೇರಿಗಳನ್ನೆಲ್ಲ ಸುತ್ತಬೇಕು. ಎಲ್ಲ ಲೈಸೆನ್ಸುಗಳೂ ಒಂದೇ ಕಾಲಕ್ಕೆ ಚಾಲ್ತಿಯಲ್ಲಿರಬೇಕು. ಒಂದನ್ನು ಪಡೆಯುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಜೈಲೆಂಬ ಭಯ ಔಷಧ ವ್ಯಾಪಾರಿಗೂ ಆಸ್ಪತ್ರೆಗೂ ಇತ್ತು. ಲಾಭವೂ ಹೆಚ್ಚಿಲ್ಲದ, ಅಪಾಯವೇ ಹೆಚ್ಚಾದ ಈ ಮಾತ್ರೆಯನ್ನು ಅವರು ಇಡುವುದನ್ನೇ ಬಿಟ್ಟರು.

ಫಲಿತಾಂಶವು ಅಂಕಿಗಳಲ್ಲಿ ಸ್ಪಷ್ಟವಾಗಿದೆ. 1985ರಲ್ಲಿ ದೇಶದ ಮಾರ್ಫಿನ್ ಬಳಕೆ ನೂರಾರು ಕಿಲೋಗ್ರಾಂಗಳಷ್ಟಿತ್ತು. 1997ರ ಹೊತ್ತಿಗೆ ಅದು 18 ಕಿಲೋಗ್ರಾಂಗಳಿಗೆ ಇಳಿಯಿತು. ಇದು ಸುಮಾರು ಶೇಕಡ 97ರಷ್ಟು ಕುಸಿತ. ನೂರು ಕೋಟಿಯ ಸಮೀಪಕ್ಕೆ ಬಂದಿದ್ದ ಜನಸಂಖ್ಯೆಗೆ ಹದಿನೆಂಟು ಕಿಲೋಗ್ರಾಂ! ಇದೇ ಅವಧಿಯಲ್ಲಿ ಮಧ್ಯಪ್ರದೇಶದ ಮಂದಸೌರ್, ನೀಮಚ್ ಹಾಗೂ ರಾಜಸ್ಥಾನದ ಚಿತ್ತೋಡಗಢ ಜಿಲ್ಲೆಗಳ ಹೊಲಗಳಲ್ಲಿ ಪ್ರತಿ ಚಳಿಗಾಲ ಗಸಗಸೆಯ ಹೂ ಅರಳುತ್ತಲೇ ಇತ್ತು. ಪರವಾನಗಿ ಪಡೆದ ರೈತರು ಕಾಯಿಗೆ ಚೀರುಹಾಕಿ ಸಂಗ್ರಹಿಸಿದ ಅಫೀಮನ್ನು ಸರಕಾರವೇ ಕೊಂಡು ನೀಮಚ್ ಮತ್ತು ಗಾಜೀಪುರಗಳ ತನ್ನ ಕಾರ್ಖಾನೆಗಳಿಗೆ ಸಾಗಿಸುತ್ತಿತ್ತು. ಅದರ ದೊಡ್ಡ ಪಾಲು ಅಮೆರಿಕ, ಜಪಾನುಗಳಂತಹ ದೇಶಗಳಿಗೆ ಹೋಗಿ ಅಲ್ಲಿನ ರೋಗಿಗಳ ನೋವನ್ನು ಕಳೆಯಿತು. ಬೆಳೆದ ನಾಡಿನ ರೋಗಿಗೆ ಅದು ದೊರೆಯಲಿಲ್ಲ.

ಇದಕ್ಕಿಂತ ದೀರ್ಘವಾದ ಇನ್ನೊಂದು ನಷ್ಟವಿದೆ. ಮಾರ್ಫಿನ್ ಕಾಣದ ಆಸ್ಪತ್ರೆಗಳಲ್ಲಿ ಒಂದು ತಲೆಮಾರಿನ ವೈದ್ಯರು ಕಲಿತು ಹೊರಬಂದರು. ಅದನ್ನು ಬರೆದುಕೊಡುವ ಕ್ರಮ ಅವರಿಗೆ ತಿಳಿದಿರಲಿಲ್ಲ. ತಿಳಿಯದ್ದರ ಬಗ್ಗೆ ಭಯ ಸಹಜ. ಮುಂದೆ ಕಾಯಿದೆ ಸಡಿಲವಾದ ಮೇಲೂ ಈ ಭಯ ಉಳಿದುಕೊಂಡಿತು.

ಕಲ್ಲಿಕೋಟೆಯ ಉತ್ತರ

ಕತ್ತಲೆಯ ಈ ವರ್ಷಗಳಲ್ಲಿಯೂ ಕೆಲವರು ದೀಪ ಹಚ್ಚಿದರು. ಮುಂಬಯಿಯಲ್ಲಿ 1986ರಲ್ಲಿ ಡಾ. ಎಲ್. ಜೆ. ಡಿಸೋಜಾ ಅವರು ಶಾಂತಿ ಅವೇದನಾ ಆಶ್ರಮವನ್ನು ಆರಂಭಿಸಿದರು. ಅದು ಈ ದೇಶದ ಮೊದಲ ಹಾಸ್ಪೈಸ್. 1993ರಲ್ಲಿ ಕೇರಳದ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರು ಸ್ನೇಹಿತರೊಡಗೂಡಿ ನೋವು ಮತ್ತು ಉಪಶಮನ ಚಿಕಿತ್ಸೆಯ ಸಂಘವೊಂದನ್ನು ಕಟ್ಟಿದರು. 1994ರಲ್ಲಿ ಅಖಿಲ ಭಾರತ ಮಟ್ಟದ ಉಪಶಮನ ಚಿಕಿತ್ಸಾ ಸಂಘವೂ ಸ್ಥಾಪನೆಯಾಯಿತು.

ಕಲ್ಲಿಕೋಟೆಯವರ ವಿಶೇಷವೆಂದರೆ ಅವರು ಮಾರ್ಫಿನ್ ಮಾತ್ರೆಯನ್ನು ಹೊರರೋಗಿಗಳಿಗೆ ಮನೆಗೇ ಕೊಟ್ಟು ಕಳುಹಿಸಿದರು. ಮನೆಗೆ ಕೊಟ್ಟ ಮಾತ್ರೆಯು ಕಳ್ಳಸಂತೆಗೆ ಹೋಗುವುದಿಲ್ಲವೇ ಎಂಬುದು ಅಧಿಕಾರಿಗಳ ಪ್ರಶ್ನೆಯಾಗಿತ್ತು. ಅದಕ್ಕೆ ಅವರು ದಾಖಲೆಯಿಂದಲೇ ಉತ್ತರ ಕೊಟ್ಟರು. ಎರಡು ವರ್ಷಗಳಲ್ಲಿ ಮಾರ್ಫಿನ್ ಪಡೆದ 1,723 ರೋಗಿಗಳ ವಿವರವನ್ನು ಪರಿಶೀಲಿಸಿದಾಗ ದುರುಪಯೋಗದ ಪ್ರಕರಣವಾವುದೂ ಕಂಡುಬರಲಿಲ್ಲ. 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು. ಸರಿಯಾದ ಮೇಲ್ವಿಚಾರಣೆಯಿದ್ದರೆ ಬಡವರ ಗುಡಿಸಲಿಗೂ ಈ ಔಷಧಿಯನ್ನು ಧೈರ್ಯವಾಗಿ ಕಳುಹಿಸಬಹುದೆಂಬುದು ಇದರಿಂದ ಸಿದ್ಧವಾಯಿತು.

ಮುಂದೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯವರೇ ಸೇರಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಜಾಲಗಳು ಹುಟ್ಟಿದವು. ಅಂಗಡಿಯವರು, ಬಸ್ಸಿನ ಕೆಲಸಗಾರರು, ಶಾಲೆಯ ಮಕ್ಕಳು ಸಣ್ಣಪುಟ್ಟ ಕಾಣಿಕೆಯಿಂದ ಅವುಗಳನ್ನು ನಡೆಸಿದರು. ದಾದಿಯು ಮನೆಮನೆಗೆ ಹೋಗುತ್ತಿದ್ದಳು. ಊರವರು ಆ ಮನೆಗೆ ಅಕ್ಕಿ, ಮಕ್ಕಳಿಗೆ ಪುಸ್ತಕ ಒದಗಿಸುತ್ತಿದ್ದರು. 2008ರಲ್ಲಿ ಕೇರಳ ಸರಕಾರವು ಉಪಶಮನ ಚಿಕಿತ್ಸೆಗೆಂದೇ ಒಂದು ನೀತಿಯನ್ನು ಘೋಷಿಸಿತು. ಇಂಥ ನೀತಿಯನ್ನು ತಂದ ಮೊದಲ ರಾಜ್ಯ ಅದು.

ಕನ್ನಡ ನಾಡಿನಲ್ಲಿ

ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಿಂದ ಕ್ಯಾನ್ಸರ್ ರೋಗಿಗಳ ಬಹುದೊಡ್ಡ ಆಸರೆಯಾಗಿದೆ. ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ ನೆರೆಯ ರಾಜ್ಯಗಳಿಂದಲೂ ಬಡವರು ಅಲ್ಲಿಗೆ ಬರುತ್ತಾರೆ. ಗುಣವಾಗದೆಂದು ತಿಳಿದ ಮೇಲೆ ಅವರು ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ಉತ್ತರವಾಗಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಹುಟ್ಟಿತು. ಆರಂಭದಲ್ಲಿ ರೋಗಿಗಳ ಮನೆಗೇ ಹೋಗಿ ಸೇವೆ ಸಲ್ಲಿಸಿದ ಅದು, 1999ರಲ್ಲಿ ಮಾರತ್ತಹಳ್ಳಿಯ ಬಳಿ ‘ಕರುಣಾಶ್ರಯ’ವೆಂಬ ಆಲಯವನ್ನು ತೆರೆಯಿತು. ವಾಸಿಯಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಆರೈಕೆ ನೀಡಲಾಗುತ್ತದೆ. 2016ರಲ್ಲಿ ಕರ್ನಾಟಕ ಸರಕಾರವೂ ಉಪಶಮನ ಚಿಕಿತ್ಸೆಯ ನೀತಿಯೊಂದನ್ನು ಅಂಗೀಕರಿಸಿತು. ಇವು ಹೆಮ್ಮೆಯ ಸಂಗತಿಗಳೇ. ಆದರೆ ಬೆಂಗಳೂರಿನಿಂದ ದೂರದ ತಾಲ್ಲೂಕಿನ ರೋಗಿಗೆ ಊರ ಹತ್ತಿರವೇ ಮಾತ್ರೆ ಸಿಗುವಂತಾಗುವುದು ನೀತಿಯನ್ನು ಬರೆಯುವುದಕ್ಕಿಂತ ಕಷ್ಟದ ಕೆಲಸ.

ಕಾಯಿದೆಯ ತಿದ್ದುಪಡಿ

1998ರಲ್ಲಿ ಕೇಂದ್ರ ಸರಕಾರದ ಕಂದಾಯ ಇಲಾಖೆಯು ಸರಳವಾದ ಮಾದರಿ ನಿಯಮಗಳನ್ನು ರೂಪಿಸಿ ರಾಜ್ಯಗಳಿಗೆ ಕಳುಹಿಸಿತು. ಕೇರಳದಂತಹ ಕೆಲವು ರಾಜ್ಯಗಳು ಅದನ್ನು ಒಪ್ಪಿದವು. ಎಷ್ಟೋ ರಾಜ್ಯಗಳು ಕಡತದಲ್ಲಿಯೇ ಇಟ್ಟವು. ಉಪಶಮನ ಚಿಕಿತ್ಸಾ ಸಂಘವು 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ದೇಶದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿಯೇ ಹಲವೆಡೆ ನೋವಿನ ಚಿಕಿತ್ಸೆಯ ಏರ್ಪಾಡಿಲ್ಲವೆಂಬುದನ್ನು 2009ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿಯು ಬಯಲಿಗೆಳೆಯಿತು. ಕೊನೆಗೆ 2014ರ ಫೆಬ್ರವರಿಯಲ್ಲಿ ಸಂಸತ್ತು ಮೂಲ ಕಾಯಿದೆಯನ್ನು ತಿದ್ದಿತು. ‘ಅಗತ್ಯ ಮಾದಕ ಔಷಧಿ’ ಎಂಬ ಹೊಸ ವರ್ಗವನ್ನು ಸೃಷ್ಟಿಸಿ ಅದರ ನಿಯಮ ರಚನೆಯ ಅಧಿಕಾರವನ್ನು ಕೇಂದ್ರಕ್ಕೆ ತೆಗೆದುಕೊಳ್ಳಲಾಯಿತು. 2015ರ ಮೇ ತಿಂಗಳಲ್ಲಿ ನಿಯಮಗಳು ಪ್ರಕಟವಾದವು. ಮಾರ್ಫಿನ್ ಸೇರಿ ಆರು ಔಷಧಿಗಳು ಈ ವರ್ಗಕ್ಕೆ ಸೇರಿದವು. ಹಲವು ಲೈಸೆನ್ಸುಗಳ ಬದಲು, ರಾಜ್ಯದ ಔಷಧ ನಿಯಂತ್ರಣಾಧಿಕಾರಿಯಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದೇ ಮನ್ನಣೆ ಸಾಕೆಂದಾಯಿತು. 1985ರಿಂದ 2014ರವರೆಗೆ, ಒಂದು ಉದ್ದೇಶಿಸದ ತಪ್ಪನ್ನು ತಿದ್ದಲು 29 ವರ್ಷಗಳು ಹಿಡಿದವು. ಆ ವರ್ಷಗಳಲ್ಲಿ ನರಳಿ ಹೋದವರಿಗೆ ತಿದ್ದುಪಡಿಯಿಂದ ಯಾವ ಪ್ರಯೋಜನವೂ ಆಗಲಿಲ್ಲ.

ಇನ್ನೊಂದು ತುದಿಯ ಎಚ್ಚರಿಕೆ

ಕಾನೂನಿನ ಭಯ ಅನವಶ್ಯಕವಾಗಿತ್ತೆಂದು ಹೇಳುವವರು ಅಮೆರಿಕದ ಅನುಭವವನ್ನೂ ಗಮನಿಸಬೇಕು. 1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿಯು ಆಕ್ಸಿಕಾಂಟಿನ್ ಎಂಬ ಪ್ರಬಲ ಅಫೀಮುಜನ್ಯ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಕ್ಯಾನ್ಸರ್ ರೋಗಿಗಳಿಗಷ್ಟೇ ಅಲ್ಲದೆ ಬೆನ್ನುನೋವು, ಕೀಲುನೋವುಗಳಿಗೂ ಅದನ್ನು ಬರೆದುಕೊಡುವಂತೆ ವೈದ್ಯರನ್ನು ಹುರಿದುಂಬಿಸಿತು. ಚಟ ಹಿಡಿಯುವ ಅಪಾಯ ಕಡಮೆಯೆಂದು ಪ್ರಚಾರಮಾಡಿತು. ಈ ತಪ್ಪು ಪ್ರಚಾರಕ್ಕಾಗಿ 2007ರಲ್ಲಿ ಅದು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಆ ದೇಶದಲ್ಲಿ ಚಟವೂ ಅತಿಸೇವನೆಯ ಸಾವುಗಳೂ ಪಿಡುಗಿನಂತೆ ಹಬ್ಬಿದ್ದವು.

ಆದ್ದರಿಂದ ಎರಡು ತುದಿಗಳಲ್ಲಿ ಎರಡು ಅನ್ಯಾಯಗಳು ನಡೆದಿವೆ. ಒಂದೆಡೆ ಲೋಭದಿಂದ ಬೇಡದವರಿಗೂ ಕೊಟ್ಟರು. ಇನ್ನೊಂದೆಡೆ ಭಯದಿಂದ ಬೇಕಾದವರಿಗೂ ಕೊಡಲಿಲ್ಲ. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ನೇಮಿಸಿದ ಆಯೋಗವು ಈ ಅಸಮಾನತೆಯನ್ನು ಲೆಕ್ಕಹಾಕಿತು. ಜಗತ್ತಿನಲ್ಲಿ ವರ್ಷಕ್ಕೆ ವಿತರಣೆಯಾಗುವ, ಮಾರ್ಫಿನ್‌ಗೆ ಸಮನಾದ 298.5 ಟನ್ ಔಷಧಿಯಲ್ಲಿ ಅತಿ ಬಡದೇಶಗಳಿಗೆ ಸಲ್ಲುವುದು ಕೇವಲ 0.1 ಟನ್. ಭಾರತದಲ್ಲಿ ಅಗತ್ಯದ ಶೇಕಡ 4ರಷ್ಟು ಮಾತ್ರ ಪೂರೈಕೆಯಾಗುತ್ತಿತ್ತೆಂದೂ ಆ ಆಯೋಗವು ಅಂದಾಜು ಮಾಡಿತು. ಅತಿಯೂ ಅಲ್ಲದ, ಅಭಾವವೂ ಅಲ್ಲದ ನಡುದಾರಿಯನ್ನು ಕಲ್ಲಿಕೋಟೆಯ ದಾಖಲೆಗಳು ತೋರಿಸಿವೆ: ತರಬೇತಾದ ವೈದ್ಯ, ಬರೆದಿಟ್ಟ ಲೆಕ್ಕ, ಮನೆಗೆ ಬಂದು ನೋಡುವ ದಾದಿ.

ಎರಡು ಸಂದೇಹಗಳು

ಸಾಧುಸಜ್ಜನರಾದ ಗೃಹಸ್ಥರಲ್ಲಿಯೂ ಈ ವಿಷಯದಲ್ಲಿ ಎರಡು ಸಂದೇಹಗಳು ಏಳುತ್ತವೆ. ಮೊದಲನೆಯದು, ಮಾದಕವಸ್ತುಗಳನ್ನು ದೂರವಿಟ್ಟು ಬಾಳಿದ ಮನೆಯಲ್ಲಿ ಅಫೀಮಿನಿಂದಾದ ಮದ್ದನ್ನು ಸೇವಿಸಬಹುದೇ ಎಂಬುದು. ವ್ಯಸನಿಯು ಎಚ್ಚರವನ್ನು ಕಳೆದುಕೊಳ್ಳಲೆಂದು ಅಫೀಮು ಸೇವಿಸುತ್ತಾನೆ. ನೋವಿನಿಂದ ಬುದ್ಧಿ ಕದಡಿದ ರೋಗಿಯು ಹಿತಮಿತವಾದ ಮಾರ್ಫಿನ್ ಪಡೆದು ತನ್ನ ಎಚ್ಚರವನ್ನು ಮರಳಿ ಪಡೆಯುತ್ತಾನೆ. ಉದ್ದೇಶವೂ ಪರಿಣಾಮವೂ ಬೇರೆಯಾದ ಮೇಲೆ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ. ಕ್ಯಾನ್ಸರ್ ನೋವಿಗಾಗಿ ಕ್ರಮವಾಗಿ ಮಾರ್ಫಿನ್ ಪಡೆಯುವವರಲ್ಲಿ ವ್ಯಸನವು ವಿರಳ. ದೇಹವು ಔಷಧಿಗೆ ಒಗ್ಗಿಕೊಳ್ಳುವುದು ನಿಜ. ಆದರೆ ವಿಕಿರಣ ಚಿಕಿತ್ಸೆಯಿಂದ ನೋವು ಇಳಿದಾಗ ಹಂತಹಂತವಾಗಿ ಪ್ರಮಾಣವನ್ನು ಕುಗ್ಗಿಸಿ ನಿಲ್ಲಿಸಲು ಬರುತ್ತದೆ.

ಎರಡನೆಯ ಸಂದೇಹ ಇನ್ನೂ ಆಳವಾದುದು. ನೋವು ಅಸಾತಾ ವೇದನೀಯ ಕರ್ಮದ ಉದಯ. ಅದನ್ನು ಅನುಭವಿಸಿಯೇ ಕಳೆಯಬೇಕಲ್ಲವೇ ಎಂದು ಕೇಳುವವರುಂಟು. ತನ್ನ ನೋವನ್ನು ಸಮತೆಯಿಂದ ಸಹಿಸುವೆನೆಂದು ಒಬ್ಬನು ತಾನಾಗಿ ಸಂಕಲ್ಪಿಸಿದರೆ ಅದು ಅವನ ಸಾಧನೆ, ಅದನ್ನು ಗೌರವಿಸಬೇಕು. ಆದರೆ ಇನ್ನೊಬ್ಬನ ನೋವನ್ನು ಕಂಡು ‘ಅದು ಅವನ ಕರ್ಮ’ವೆಂದು ಕೈಕಟ್ಟಿ ಕೂರುವುದಕ್ಕೆ ಆಚಾರ್ಯರ ಮಾತಿನಲ್ಲಿ ಆಧಾರವಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ರೋಗಿಗಳ ಶುಶ್ರೂಷೆಯಾದ ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಸೇರಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯಮಾಂಸಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ಬರೆದನು. ರೋಗವು ಕರ್ಮಫಲವೆಂದು ನಂಬಿದವರೇ ಅದರ ಶಮನಕ್ಕೆ ಗ್ರಂಥಗಳನ್ನು ರಚಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲದೆ ನೋವಿನ ಉರಿಯಲ್ಲಿ ಬೇಯುತ್ತಿರುವವನಿಗೆ ಸಮತಾಭಾವ, ಧರ್ಮಶ್ರವಣಗಳು ದುರ್ಲಭ. ಅವನ ನೋವನ್ನು ತಗ್ಗಿಸುವುದೆಂದರೆ ಕೊನೆಯ ದಿನಗಳ ಚಿಂತನೆಗೆ ಅವನಿಗೆ ಎಡೆಮಾಡಿಕೊಟ್ಟಂತೆ.

ಉಳಿದಿರುವ ಕೆಲಸ

ಕಾಯಿದೆ ಬದಲಾಗಿದೆ, ಔಷಧಿ ಅಗ್ಗವಾಗಿದೆ, ಭಾರತೀಯ ವೈದ್ಯಕೀಯ ಮಂಡಳಿಯು 2010ರಲ್ಲಿ ಉಪಶಮನ ಚಿಕಿತ್ಸೆಯನ್ನು ಸ್ನಾತಕೋತ್ತರ ವಿಷಯವಾಗಿ ಮಾನ್ಯಮಾಡಿತು. ಇನ್ನು ಉಳಿದಿರುವುದು ಔಷಧಿಯನ್ನು ರೋಗಿಯ ಬಳಿಗೆ ತಲುಪಿಸುವ ಕೆಲಸ. ಧರ್ಮಾರ್ಥ ಆಸ್ಪತ್ರೆಗಳನ್ನು ನಡೆಸುವ ಸಂಘಸಂಸ್ಥೆಗಳು 2015ರ ನಿಯಮಗಳಂತೆ ಮಾನ್ಯತೆ ಪಡೆದು, ಒಬ್ಬ ವೈದ್ಯರನ್ನೂ ಒಬ್ಬ ದಾದಿಯನ್ನೂ ತರಬೇತಿಗೆ ಕಳುಹಿಸಿದರೆ ಒಂದು ತಾಲ್ಲೂಕಿನ ರೋಗಿಗಳಿಗೆ ದಾರಿ ತೆರೆಯುತ್ತದೆ. ಇದಕ್ಕೆ ದೊಡ್ಡ ಕಟ್ಟಡ ಬೇಡ, ದುಬಾರಿ ಯಂತ್ರ ಬೇಡ. ಬೀಗವಿರುವ ಒಂದು ಕಪಾಟು, ಲೆಕ್ಕದ ಒಂದು ಪುಸ್ತಕ, ಮನೆಮನೆಗೆ ಹೋಗಿಬರಲು ಒಂದು ವಾಹನ ಸಾಕು.

ಮನೆಯಲ್ಲಿ ರೋಗಿಯಿರುವ ಗೃಹಸ್ಥರೂ ಒಂದು ಮಾತನ್ನು ತಿಳಿದಿರಬೇಕು. ‘ಇನ್ನೇನೂ ಮಾಡುವುದಕ್ಕಿಲ್ಲ, ಮನೆಗೆ ಕರೆದೊಯ್ಯಿರಿ’ ಎಂದು ಆಸ್ಪತ್ರೆಯಲ್ಲಿ ಹೇಳಿದರೆ ಅದು ರೋಗದ ಬಗ್ಗೆ ಆಡಿದ ಮಾತು. ನೋವಿನ ವಿಷಯದಲ್ಲಿ ಮಾಡುವುದಕ್ಕೆ ಇನ್ನೂ ಬಹಳವಿದೆ. ಉಪಶಮನ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಅಲ್ಲಿಯೇ ಕೇಳಿ ತಿಳಿದುಕೊಳ್ಳುವುದು ಅವರ ಹಕ್ಕು. ಹೇಳುವುದು ವೈದ್ಯರ ಕರ್ತವ್ಯ. ಹೀಗೆ ಕೇಳುವವರ ಸಂಖ್ಯೆ ಹೆಚ್ಚಿದಂತೆಲ್ಲ ಗಸಗಸೆ ಬೆಳೆಯುವ ಈ ನಾಡಿನಲ್ಲಿ ಅದರ ಮದ್ದು ಸಹ ಹೆಚ್ಚು ಮನೆಗಳನ್ನು ತಲುಪೀತು.